ಕಾಯಿಲೆ ರಜೆಯಲ್ಲಿದ್ದೀನಿ, ಎಚ್‌ಆರ್ ರಾಜೀನಾಮೆ ಕೇಳುತ್ತಿದ್ದಾರೆ: ಏನು ಮಾಡಲಿ?

ಪ್ರಶ್ನೆ: ಯಶವಂತಪುರದ ಒಂದು ಸರಕು ಸಾಗಣೆ ಕಂಪನಿಯ ಆಫೀಸಿನಲ್ಲಿ ನಾನು ಅಕೌಂಟ್ಸ್ ಅಸಿಸ್ಟೆಂಟ್. 2021ರ ಜೂನ್‌ನಲ್ಲಿ ಸೇರಿದೆ. ಸಂಬಳ 20,500 ರೂಪಾಯಿ ಇತ್ತು, 2025ರ ಜುಲೈನಿಂದ 22,800 ಆಯಿತು. ಅಕ್ಟೋಬರ್‌ನಿಂದ ಇಎಸ್‌ಐ ಕಟ್ ಆಗುತ್ತಿಲ್ಲ. ಈ ಫೆಬ್ರವರಿಯಲ್ಲಿ ಶ್ವಾಸಕೋಶದ ಟಿಬಿ ಅಂತ ಗೊತ್ತಾಯಿತು. ಖಾಸಗಿ ಡಾಕ್ಟರು ಎರಡು ತಿಂಗಳು ರೆಸ್ಟ್ ಬರೆದಿದ್ದಾರೆ. ಕಂಪನಿ 12 ದಿನ ಸಂಬಳದ ರಜೆ ಕೊಟ್ಟಿತು, ಆಮೇಲೆ ಲಾಸ್ ಆಫ್ ಪೇ. ಈಗ ಎಚ್‌ಆರ್ ಫೋನ್ ಮೇಲೆ ಫೋನ್. ‘ನೀವೇ ರಾಜೀನಾಮೆ ಕೊಟ್ಟರೆ ಒಳ್ಳೆಯ ಅನುಭವ ಪತ್ರ ಕೊಡುತ್ತೇವೆ, ಇಲ್ಲದಿದ್ದರೆ ಹೇಳದೆ ಕೇಳದೆ ಕೆಲಸಕ್ಕೆ ಬಂದಿಲ್ಲ ಅಂತ ತೆಗೆದುಹಾಕುತ್ತೇವೆ’ ಅನ್ನುತ್ತಾರೆ. ನನ್ನನ್ನು ಹೀಗೆ ತೆಗೆಯಬಹುದಾ? ನನಗೆ ಏನಾದರೂ ಹಣ ಸಿಗುತ್ತದಾ? ನನ್ನಿಂದ ಬೇರೆಯವರಿಗೆ ಹರಡುತ್ತದೆ ಅಂತಲೂ ಹೇಳುತ್ತಿದ್ದಾರೆ.

ಉತ್ತರ: ಮೊದಲು ಒಂದು ಮಾತು. ರಾಜೀನಾಮೆ ಬರೆದುಕೊಡಬೇಡಿ. ಇವತ್ತಂತೂ ಬೇಡ, ಫೋನಿನಲ್ಲಿ ‘ಹೂಂ’ ಅನ್ನೋದೂ ಬೇಡ. ನಿಮಗೆ ಬರಬೇಕಾದ ಹೆಚ್ಚಿನ ಹಣ, ನಿಮಗಿರುವ ಹೆಚ್ಚಿನ ರಕ್ಷಣೆ ಎಲ್ಲ ‘ಕಂಪನಿ ತೆಗೆದಿದ್ದಾ, ನೀವೇ ಬಿಟ್ಟಿದ್ದಾ’ ಅನ್ನೋದರ ಮೇಲೆ ನಿಂತಿದೆ. ಎಚ್‌ಆರ್ ಅಷ್ಟು ಒತ್ತಾಯ ಮಾಡುತ್ತಿರೋದೂ ಅದಕ್ಕೇ. ನಿಮ್ಮ ಕೈಬರಹದ ಒಂದು ಸಾಲು ಸಿಕ್ಕರೆ ಅವರಿಗೆ ನೋಟಿಸ್ ಕೊಡುವ ಕೆಲಸ ಇಲ್ಲ, ವಿಚಾರಣೆ ನಡೆಸುವ ಕೆಲಸ ಇಲ್ಲ, ಕಾರಣ ಹೇಳುವ ಕೆಲಸವೂ ಇಲ್ಲ.

ಈಗ ನಿಮಗೆ ಗೊತ್ತಿಲ್ಲದೆ ನಿಮ್ಮ ಹತ್ತಿರವೇ ಇರುವ ಹಣದ ವಿಷಯ. ‘ಅಕ್ಟೋಬರ್‌ನಿಂದ ಇಎಸ್‌ಐ ಕಟ್ ಆಗುತ್ತಿಲ್ಲ’ ಅಂತ ಬರೆದಿದ್ದೀರಿ. ಹಾಗಾಗಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಮುಗಿಯಿತು ಅಂತ ತಿಳಿದುಕೊಂಡಿದ್ದೀರಿ, ಅಲ್ವಾ? ಮುಗಿದಿಲ್ಲ. ಬೆಂಗಳೂರಿನಲ್ಲಿ ಸಂಬಳ ಇಎಸ್‌ಐನ ಮಿತಿಯಾದ 21,000 ದಾಟಿದ ಎಷ್ಟೋ ಜನ ಇದೇ ತಪ್ಪು ತಿಳಿವಳಿಕೆಯಲ್ಲಿ ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ದುಡ್ಡು ಸುರಿಯುತ್ತಾರೆ. ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಎಸ್‌ಐನಲ್ಲಿ ವರ್ಷಕ್ಕೆ ಎರಡು ವಂತಿಗೆ (ಸಂಬಳದಿಂದ ಕಟ್ಟುವ ಹಣ) ಅವಧಿ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31 ಇನ್ನೊಂದು. ಅವಧಿಯ ಮಧ್ಯದಲ್ಲಿ ಸಂಬಳ 21,000 ದಾಟಿದರೂ ಆ ಅವಧಿ ಮುಗಿಯುವ ತನಕ ನೀವು ಇಎಸ್‌ಐ ಒಳಗೇ ಇರುತ್ತೀರಿ. ನಿಮ್ಮ ಪೇಸ್ಲಿಪ್‌ಗಳನ್ನು ತೆಗೆದು ನೋಡಿ. ಏಪ್ರಿಲ್‌ನಿಂದ ಜೂನ್‌ವರೆಗೆ ಇಎಸ್‌ಐ ಅಂತ 154 ರೂಪಾಯಿ, ಜುಲೈನಿಂದ ಸೆಪ್ಟೆಂಬರ್‌ವರೆಗೆ 171 ರೂಪಾಯಿ ಕಟ್ ಆಗಿರಬೇಕು. ಸಂಬಳದ ಶೇ 0.75 ನಿಮ್ಮ ಪಾಲು. ಕಂಪನಿಯ ಪಾಲು ಶೇ 3.25. ಅಕಸ್ಮಾತ್ ಜುಲೈನಲ್ಲೇ ಕಟ್ ಮಾಡೋದು ನಿಲ್ಲಿಸಿದ್ದರೆ ಅದು ಕಂಪನಿಯ ತಪ್ಪು. ಅದನ್ನೂ ಇಎಸ್‌ಐ ಕಚೇರಿಯಲ್ಲಿ ಹೇಳಿ.

ಹೀಗೆ ಕಟ್ಟಿದ ಹಣದ ಲಾಭ ಕೂಡಲೇ ಬರುವುದಿಲ್ಲ, ಮೂರು ತಿಂಗಳು ಬಿಟ್ಟು ಬರುತ್ತದೆ. ಏಪ್ರಿಲ್–ಸೆಪ್ಟೆಂಬರ್ 2025ರಲ್ಲಿ ಕಟ್ಟಿದ್ದಕ್ಕೆ ಲಾಭದ ಅವಧಿ 2026ರ ಜನವರಿ 1ರಿಂದ ಜೂನ್ 30. ನಿಮಗೆ ಕಾಯಿಲೆ ಬಂದಿದ್ದು ಫೆಬ್ರವರಿಯಲ್ಲಿ. ಅಂದರೆ ಸರಿಯಾಗಿ ಆ ಅವಧಿಯೊಳಗೆ. ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಕ್ಕೆ ವಂತಿಗೆ ಕಟ್ಟಿರಬೇಕು ಅನ್ನೋದು ಷರತ್ತು. ನೀವು ಆರೂ ತಿಂಗಳು ಕಟ್ಟಿದ್ದೀರಿ.

ಎಷ್ಟು ಸಿಗುತ್ತದೆ? ಮೂರು ತಿಂಗಳು 20,500, ಮೂರು ತಿಂಗಳು 22,800. ಒಟ್ಟು 1,29,900. ಅದನ್ನು 183 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 710 ರೂಪಾಯಿ. ಅನಾರೋಗ್ಯ ಭತ್ಯೆ ಅದರ ಶೇ 70. ಅಂದರೆ ದಿನಕ್ಕೆ ಹತ್ತಿರ ಹತ್ತಿರ 497 ರೂಪಾಯಿ. ಇದು ಎರಡು ಲಾಭದ ಅವಧಿ ಸೇರಿ 91 ದಿನದವರೆಗೆ ಸಿಗುತ್ತದೆ. ಪೂರ್ತಿ 91 ದಿನ ಸಿಕ್ಕರೆ 45,000 ದಾಟುತ್ತದೆ. ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಕಂಪನಿ ಸಂಬಳ ಕೊಟ್ಟ ಆ 12 ದಿನಕ್ಕೂ ಇಲ್ಲ, ಯಾಕೆಂದರೆ ಒಂದೇ ದಿನಕ್ಕೆ ಸಂಬಳವೂ ಭತ್ಯೆಯೂ ಎರಡೂ ಬರುವುದಿಲ್ಲ. ಲಾಸ್ ಆಫ್ ಪೇ ಶುರುವಾದ ದಿನದಿಂದ ನಿಮಗೆ ಇದೇ ಆಧಾರ.

ಟಿಬಿಗೆ ಇನ್ನೂ ಒಂದು ಅನುಕೂಲ ಇದೆ. ಇಎಸ್‌ಐ ನಡೆಸುವ ನಿಗಮವಾದ ಇಎಸ್‌ಐಸಿಯ ಪಟ್ಟಿಯಲ್ಲಿ 34 ದೀರ್ಘಕಾಲದ ಕಾಯಿಲೆಗಳಿವೆ, ಟಿಬಿ ಅದರಲ್ಲಿ ಒಂದು. ಇವಕ್ಕೆ 91 ದಿನ ಮುಗಿದ ಮೇಲೂ ವಿಸ್ತೃತ ಅನಾರೋಗ್ಯ ಭತ್ಯೆ ಅಂತ ಶೇ 80ರ ದರದಲ್ಲಿ ಕೊಡುತ್ತಾರೆ. ಎರಡು ವರ್ಷ ಬಿಡದೆ ಕೆಲಸದಲ್ಲಿರಬೇಕು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಇರಬೇಕು. ನೀವು 2021ರಿಂದ ಇದ್ದೀರಿ. ಅಷ್ಟು ದಿನ ಬೇಕಾಗದೆ ನೀವು ಹುಷಾರಾದರೆ ಅದಕ್ಕಿಂತ ಸಂತೋಷ ಇಲ್ಲ. ಆದರೂ ಶಾಖಾ ಕಚೇರಿಯಲ್ಲಿ ಈಗಲೇ ಕೇಳಿ ಬರೆಸಿಕೊಳ್ಳಿ.

ಇಲ್ಲಿ ಒಂದು ತೊಡಕು. ಈ ಭತ್ಯೆಗೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು. ನೀವು ಖಾಸಗಿ ಡಾಕ್ಟರ ಹತ್ತಿರ ಇದ್ದೀರಿ. ಆದ್ದರಿಂದ ನಾಳೆಯೇ ನಿಮಗೆ ಗೊತ್ತು ಮಾಡಿರುವ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ. ಅವರು ಬರೆದುಕೊಟ್ಟರೆ ರಾಜಾಜಿನಗರ ಅಥವಾ ಪೀಣ್ಯದ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು. ಕಫ ಪರೀಕ್ಷೆ ವರದಿ, ಎಕ್ಸ್‌ರೇ, ಖಾಸಗಿ ಡಾಕ್ಟರ ಚೀಟಿ, ನಿಮ್ಮ ಹತ್ತು ಅಂಕಿಯ ಇಎಸ್‌ಐ ನಂಬರು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಕೌಂಟರಿನಲ್ಲಿ ‘ನಿಮ್ಮದು ಆಕ್ಟಿವ್ ಇಲ್ಲ’ ಅಂದರೆ ವಾಪಸ್ ಬರಬೇಡಿ. ‘ಸೆಪ್ಟೆಂಬರ್‌ವರೆಗೆ ವಂತಿಗೆ ಇದೆ, ಜೂನ್ 30ರವರೆಗೆ ಲಾಭದ ಅವಧಿ ಇದೆ’ ಅಂತ ಹೇಳಿ ಪೇಸ್ಲಿಪ್ ತೋರಿಸಿ. ಅಲ್ಲೂ ಆಗದಿದ್ದರೆ ಬಿನ್ನಿಪೇಟೆಯ ಬಿನ್ನಿ ಫೀಲ್ಡ್ಸ್‌ನಲ್ಲಿರುವ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ. ಕಳೆದ ದಿನಗಳಿಗೆ ಖಾಸಗಿ ಸರ್ಟಿಫಿಕೇಟನ್ನು ಒಪ್ಪುವುದು ಬಿಡುವುದು ಇಎಸ್‌ಐಸಿಗೆ ಸೇರಿದ್ದು. ಅರ್ಜಿ ಕೊಡಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ತಡವಾದ ಪ್ರತಿ ದಿನಕ್ಕೂ ಸುಮಾರು ಐನೂರು ರೂಪಾಯಿ ಕೈತಪ್ಪುತ್ತದೆ.

ಇದರ ಜೊತೆಗೆ ಇನ್ನೊಂದನ್ನು ಎಚ್‌ಆರ್‌ಗೆ ಕೇಳಿ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ಸಂಬಳದ ಲೆಕ್ಕ ಬದಲಾಗಿದೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಯಂಥವು ಒಟ್ಟು ಸಂಬಳದ ಅರ್ಧ ಮೀರದಿದ್ದರೆ ಅವನ್ನು ಬಿಟ್ಟು ಲೆಕ್ಕ ಹಾಕಬೇಕು. ಹಾಗೆ ಹಾಕಿದಾಗ ನಿಮ್ಮ ಸಂಬಳ 21,000ಕ್ಕಿಂತ ಕೆಳಗೆ ಬಂದರೆ ನೀವು ಮತ್ತೆ ಇಎಸ್‌ಐ ವ್ಯಾಪ್ತಿಗೆ ಬರಬೇಕಾಗುತ್ತದೆ. ಇದು ಬರೀ ನಿಮ್ಮೊಬ್ಬರ ವಿಷಯ ಅಲ್ಲ, ನಿಮ್ಮ ಆಫೀಸಿನ ಎಷ್ಟೋ ಜನರದ್ದು.

ಇನ್ನು ಕೆಲಸದಿಂದ ತೆಗೆಯುವ ವಿಷಯ. ನಿಮ್ಮದು ಆಫೀಸ್ ಕೆಲಸ, ಹಾಗಾಗಿ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ನಿಮಗೆ ಅನ್ವಯಿಸುತ್ತದೆ. ಆ 12 ದಿನದ ಸಂಬಳದ ರಜೆ ಕಂಪನಿ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದಲ್ಲ, ಅದು ಇದೇ ಕಾಯ್ದೆಯ 15ನೇ ಕಲಂನಲ್ಲಿದೆ. ಅದೇ ಕಲಂ ಪ್ರಕಾರ 20 ದಿನ ಕೆಲಸಕ್ಕೆ ಒಂದು ದಿನದಂತೆ ಗಳಿಕೆ ರಜೆಯೂ ಇದೆ. ಅದು ಎಷ್ಟು ಉಳಿದಿದೆ ಅಂತ ಕೇಳಿದ್ದೀರಾ? ಲಾಸ್ ಆಫ್ ಪೇ ಹಾಕುವ ಮುಂಚೆ ಅದನ್ನು ಬಳಸಿಕೊಳ್ಳೋಕೆ ಕೇಳಬೇಕಿತ್ತು. ಈಗಲೂ ಕೇಳಿ.

39ನೇ ಕಲಂ ಇನ್ನೂ ಮುಖ್ಯ. ಆರು ತಿಂಗಳು ಬಿಡದೆ ಕೆಲಸ ಮಾಡಿದವರನ್ನು ಸೂಕ್ತ ಕಾರಣ ಇಲ್ಲದೆ ತೆಗೆಯುವ ಹಾಗಿಲ್ಲ. ಕಾರಣ ಇದ್ದರೂ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಸಂಬಳ ಕೊಡಬೇಕು. ನೋಟಿಸ್ ಇಲ್ಲದೆ ತೆಗೆಯಬೇಕಾದರೆ ದುರ್ನಡತೆ ಆಗಿರಬೇಕು, ಅದೂ ವಿಚಾರಣೆ ನಡೆಸಿ, ಸಾಕ್ಷ್ಯ ದಾಖಲಿಸಿಕೊಂಡು ಸಾಬೀತಾಗಿರಬೇಕು. ತೆಗೆದರೆ ಅದರ ವಿರುದ್ಧ ಮೇಲ್ಮನವಿಗೂ ಅವಕಾಶ ಇದೆ.

‘ಹೇಳದೆ ಕೇಳದೆ ಬಂದಿಲ್ಲ’ ಅಂತ ತೆಗೆಯುವ ಬೆದರಿಕೆ ಇದೆಯಲ್ಲ, ಅದು ಕಾನೂನಿನ ಮುಂದೆ ಬಹಳ ಸಡಿಲ. ಇಂತಿಷ್ಟು ದಿನ ಬರದಿದ್ದರೆ ಕೆಲಸ ತಾನಾಗಿ ಹೋಯಿತು ಅಂತ ನಿಯಮ ಬರೆದುಕೊಂಡಿದ್ದರೂ ವಿಚಾರಣೆ ಇಲ್ಲದೆ ತೆಗೆಯುವಂತಿಲ್ಲ ಅಂತ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. 2012ರ ಕೃಷ್ಣಕಾಂತ್ ಪರ್ಮಾರ್ ಪ್ರಕರಣದಲ್ಲಿ, ಗೈರುಹಾಜರಿ ಬೇಕೂಂತಲೇ ಮಾಡಿದ್ದು ಅಂತ ಸಾಬೀತಾಗದಿದ್ದರೆ ಅದು ದುರ್ನಡತೆ ಆಗುವುದಿಲ್ಲ ಅಂದಿದೆ. ಆಸ್ಪತ್ರೆ ಚೀಟಿ ಕಳಿಸಿ ಮನೆಯಲ್ಲಿ ಮಲಗಿದವರು ಬೇಕೂಂತ ತಪ್ಪಿಸಿಕೊಂಡವರಲ್ಲ. ಆದರೆ ಚೀಟಿ ಕಳಿಸಿದ್ದಕ್ಕೆ ದಾಖಲೆ ಇರಬೇಕು. ವಾಟ್ಸಾಪ್‌ನಲ್ಲಿ ಮ್ಯಾನೇಜರಿಗೆ ಫೋಟೋ ಹಾಕಿ ‘ಓಕೆ’ ಅಂತ ಬಂದರೆ ಅಷ್ಟಕ್ಕೇ ಸುಮ್ನೆ ಇರಬೇಡಿ. ಆ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅದನ್ನೇ ಇಮೇಲ್‌ನಲ್ಲೂ ಕಳಿಸಿ, ಒಂದು ಪ್ರತಿ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಆಫೀಸಿನ ಇಮೇಲ್ ಯಾವಾಗ ಬೇಕಾದರೂ ಬಂದ್ ಆಗಬಹುದು. ನಿಮ್ಮ ಸ್ವಂತ ಇಮೇಲ್‌ನಿಂದಲೇ ಕಳಿಸಿ.

ಹೀಗೆ ಬರೆದರೆ ಸಾಕು:

‘ನನಗೆ ಶ್ವಾಸಕೋಶದ ಟಿಬಿ ಇರುವುದು ಪತ್ತೆಯಾಗಿ ಚಿಕಿತ್ಸೆ ನಡೆಯುತ್ತಿದೆ. ವೈದ್ಯರ ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ಅದರಲ್ಲಿ ಹೇಳಿದ ದಿನದವರೆಗೆ ರಜೆ ಮಂಜೂರು ಮಾಡಿ. ಉಳಿದಿರುವ ಗಳಿಕೆ ರಜೆಯನ್ನು ಮೊದಲು ಹೊಂದಿಸಿ, ಲೆಕ್ಕ ತಿಳಿಸಿ. ಈ ವಾರ ಫೋನಿನಲ್ಲಿ ನನ್ನನ್ನು ರಾಜೀನಾಮೆ ಕೊಡಲು ಕೇಳಲಾಗಿದೆ. ನಾನು ರಾಜೀನಾಮೆ ಕೊಡುತ್ತಿಲ್ಲ. ವೈದ್ಯರು ಫಿಟ್ ಎಂದು ಬರೆದುಕೊಟ್ಟ ಕೂಡಲೇ ಕೆಲಸಕ್ಕೆ ಬರುತ್ತೇನೆ. ಮುಂದಿನ ಮಾತುಕತೆ ಇಮೇಲ್‌ನಲ್ಲೇ ಇರಲಿ ಎಂದು ಕೋರುತ್ತೇನೆ.’

ಕೋಪದ ಮಾತು ಬೇಡ, ಕಾಯ್ದೆ ಹೆಸರುಗಳ ಮಳೆಯೂ ಬೇಡ. ಫೋನ್ ಬಂದ ದಿನ, ಸಮಯ, ಮಾತಾಡಿದವರು ಯಾರು ಅನ್ನೋದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ನಿಮಗೆ ಸುಳ್ಳು ಭರವಸೆ ಕೊಡಲಾರೆ. ಖಾಸಗಿ ಕಂಪನಿ ಕಾಯಿಲೆ ಬಿದ್ದವರನ್ನು ಎಂದೆಂದಿಗೂ ತೆಗೆಯುವಂತಿಲ್ಲ ಅಂತ ಕಾನೂನು ಹೇಳುವುದಿಲ್ಲ. ತಿಂಗಳುಗಟ್ಟಲೆ ಬರಲಾಗದಿದ್ದರೆ ಅದನ್ನೇ ಸೂಕ್ತ ಕಾರಣ ಅಂತ ಅವರು ವಾದ ಮಾಡಬಹುದು. ಆದರೆ ಎರಡು ತಿಂಗಳ ರೆಸ್ಟ್, ವಾಸಿಯಾಗುವ ಕಾಯಿಲೆ, ಸುಮಾರು ಐದು ವರ್ಷದ ಸರ್ವಿಸ್ ಇರುವಾಗ ಆ ವಾದ ನಿಲ್ಲೋದು ಕಷ್ಟ. ಕಾಯಿಲೆ ಹೆಸರು ಎತ್ತದೆ ‘ಹುದ್ದೆಯೇ ಇಲ್ಲ, ಜನ ಕಡಿಮೆ ಮಾಡುತ್ತಿದ್ದೇವೆ’ ಅಂದರೆ ಅದು ಬೇರೆ ದಾರಿ. ಆಗ ಒಂದು ತಿಂಗಳ ನೋಟಿಸ್ ಜೊತೆಗೆ ವರ್ಷಕ್ಕೆ 15 ದಿನದ ಸರಾಸರಿ ಸಂಬಳದಂತೆ ಪರಿಹಾರ ಕೊಡಬೇಕು. ಆರು ತಿಂಗಳು ಮೀರಿದ ಭಾಗವೂ ಒಂದು ವರ್ಷ ಅಂತಲೇ ಲೆಕ್ಕ. ರಾಜೀನಾಮೆ ಕೊಟ್ಟವರಿಗೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಸಿಗುವ ಇಡಿಗಂಟಿನ ವಿಷಯದಲ್ಲಂತೂ ಈ ಕೆಲವು ತಿಂಗಳು ಬಹಳ ಬೆಲೆಬಾಳುತ್ತವೆ. 2026ರ ಜೂನ್‌ಗೆ ನಿಮಗೆ ಐದು ವರ್ಷ ತುಂಬುತ್ತದೆ. ಬೇಸಿಕ್ 12,000 ಅಂತ ಇಟ್ಟುಕೊಂಡರೂ, ಅದನ್ನು 26ರಿಂದ ಭಾಗಿಸಿ 15 ಮತ್ತು 5ರಿಂದ ಗುಣಿಸಿದರೆ 34,600 ರೂಪಾಯಿ ಚಿಲ್ಲರೆ ಆಗುತ್ತದೆ. ಹೊಸ ಲೆಕ್ಕದಲ್ಲಿ ಇನ್ನೂ ಜಾಸ್ತಿ ಆಗಬಹುದು. ಈಗ ರಾಜೀನಾಮೆ ಕೊಟ್ಟರೆ ‘ಐದು ವರ್ಷ ಆಗಿಲ್ಲ’ ಅಂತ ಕೈ ಎತ್ತುತ್ತಾರೆ. ನಾಲ್ಕು ವರ್ಷದ ಮೇಲೆ ಐದನೇ ವರ್ಷದಲ್ಲಿ 240 ದಿನ ಆಗಿದ್ದರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ ನಿಜ, ಆದರೆ ಅದಕ್ಕಾಗಿ ಇಲ್ಲಿ ಕಂಪನಿ ಜೊತೆ ಜಗ್ಗಾಡಬೇಕಾಗುತ್ತದೆ. ಕಾಯಿಲೆಯಿಂದ ಗೈರಾದ ದಿನಗಳು ಸರ್ವಿಸ್ ಅನ್ನು ಮುರಿಯುವುದಿಲ್ಲ. ಹಾಗಾಗಿ ರಜೆಯಲ್ಲಿದ್ದರೂ ನಿಮ್ಮ ಐದನೇ ವರ್ಷ ಓಡುತ್ತಲೇ ಇದೆ. (ಬೇರೆ ಓದುಗರಿಗೆ: ಸಾವು ಅಥವಾ ಮುಂಚಿನ ಕೆಲಸ ಮಾಡಲಾಗದಂಥ ಅಂಗವೈಕಲ್ಯ ಆದರೆ ಐದು ವರ್ಷದ ಷರತ್ತೇ ಇಲ್ಲ. ನಿಗದಿತ ಅವಧಿಯ ನೌಕರರಿಗೆ ಈಗ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆ.)

ಪಿಎಫ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಚಿಕಿತ್ಸೆಗೆ ಮುಂಗಡ ತೆಗೆಯಲು ಕೆಲಸ ಬಿಡಬೇಕಿಲ್ಲ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ತೀರಾ ಬೇಕಾದಷ್ಟೇ ತೆಗೆಯಿರಿ.

ಇಎಸ್‌ಐನಲ್ಲಿ ಕೆಲಸ ಕಳೆದುಕೊಂಡವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಒಂದಿದೆ. ಸರಾಸರಿ ದಿನಗೂಲಿಯ ಅರ್ಧದಷ್ಟು, ಜೀವಮಾನದಲ್ಲಿ ಒಟ್ಟು 90 ದಿನ. ಇದರ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ. ಆದರೆ ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲೇ 78 ದಿನ ಕಟ್ಟಿರಬೇಕು. ಅಕ್ಟೋಬರ್‌ನಿಂದ ಕಟ್ಟದ ಕಾರಣ ನಿಮಗೆ ಇದು ಈಗ ಕಷ್ಟ. ಮತ್ತೆ ವ್ಯಾಪ್ತಿಗೆ ಬಂದರೆ ಮಾತು ಬೇರೆ. ಇನ್ನೂ ಇಎಸ್‌ಐ ಕಟ್ಟುತ್ತಿರುವ ಓದುಗರು ಗಮನಿಸಿ: ದುರ್ನಡತೆ ಮೇಲೆ ತೆಗೆದವರಿಗೆ, ಸ್ವಯಂ ನಿವೃತ್ತಿ ತೆಗೆದುಕೊಂಡವರಿಗೆ ಇದು ಇಲ್ಲ. ಫೈಲಿನಲ್ಲಿ ನಿಮ್ಮ ರಾಜೀನಾಮೆ ಪತ್ರ ಇದ್ದರೆ ತಕರಾರು ಅಲ್ಲೇ ಶುರುವಾಗುತ್ತದೆ.

ಹರಡುವ ಮಾತಿಗೆ ಬರೋಣ, ಯಾಕೆಂದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವು ಇರುವುದು ಅಲ್ಲೇ ಅಂತ ನನಗೆ ಅನ್ನಿಸಿತು. ಟಿಬಿ ಬಂದವರನ್ನು ಇವತ್ತಿಗೂ ತಪ್ಪು ಮಾಡಿದವರ ಹಾಗೆ ನೋಡುವುದು ಅನ್ಯಾಯ. ಸಾಮಾನ್ಯ ಔಷಧಿಗೆ ಬಗ್ಗುವ ಟಿಬಿಗೆ ಚಿಕಿತ್ಸೆ ಆರು ತಿಂಗಳು. ಆದರೆ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಎರಡು ವಾರದಲ್ಲೇ ಹರಡುವ ಸಾಧ್ಯತೆ ಸಾಮಾನ್ಯವಾಗಿ ಬಹಳ ಇಳಿದುಬಿಡುತ್ತದೆ. ನೀವು ರಜೆ ಮುಗಿಸಿ ವಾಪಸ್ ಹೋಗುವಾಗ ‘ಕೆಲಸಕ್ಕೆ ಫಿಟ್, ಬೇರೆಯವರಿಗೆ ಹರಡುವ ಸ್ಥಿತಿಯಲ್ಲಿಲ್ಲ’ ಅಂತ ಡಾಕ್ಟರ ಹತ್ತಿರ ಸ್ಪಷ್ಟವಾಗಿ ಬರೆಸಿಕೊಳ್ಳಿ. ಆ ಒಂದು ಕಾಗದ ಎಚ್‌ಆರ್ ಬಾಯಿ ಮುಚ್ಚಿಸುತ್ತದೆ. 2012ರಿಂದ ಟಿಬಿ ಕೇಸನ್ನು ಸರ್ಕಾರಕ್ಕೆ ತಿಳಿಸುವುದು ಡಾಕ್ಟರುಗಳಿಗೆ ಕಡ್ಡಾಯ. ಹಾಗೆ ನೋಂದಣಿ ಆದವರಿಗೆ ಔಷಧಿ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಖಾಸಗಿ ಡಾಕ್ಟರ ಹತ್ತಿರ ತೋರಿಸಿದವರಿಗೂ ಇದು ಸಿಗುತ್ತದೆ. ನಿಮ್ಮ ನಿಕ್ಷಯ್ ನಂಬರು (ಆ ನೋಂದಣಿಯ ನಂಬರು) ಕೇಳಿ ಪಡೆಯಿರಿ. ಖರ್ಚು ತಡೆಯಲಾಗದಿದ್ದರೆ ನಿಮ್ಹಾನ್ಸ್ ಪಕ್ಕದ ರಾಜೀವ್ ಗಾಂಧಿ ಎದೆರೋಗ ಸಂಸ್ಥೆಗೆ ಹೋಗಿ. ಮಾತ್ರೆ ಮಾತ್ರ ಮಧ್ಯದಲ್ಲಿ ಬಿಡಬೇಡಿ, ಹುಷಾರಾದೆ ಅನ್ನಿಸಿದರೂ ಬಿಡಬೇಡಿ.

ಅನುಭವ ಪತ್ರದ ಹೆದರಿಕೆಗೆ ಮಣಿಯಬೇಡಿ. ನೇಮಕಾತಿ ಪತ್ರ, ಪೇಸ್ಲಿಪ್, ಫಾರಂ 16, ಪಿಎಫ್ ಪಾಸ್‌ಬುಕ್ ಇವೆಲ್ಲ ನೀವು ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಇವತ್ತೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಆಗಿಯೂ ತೆಗೆದರೆ? ತೆಗೆದ ಪತ್ರವನ್ನು ಕೇಳಿ ಪಡೆಯಿರಿ. ಹೊಸ ವೇತನ ಸಂಹಿತೆ ಪ್ರಕಾರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು, 45 ದಿನ ಕಾಯಿಸುವ ಹಳೆಯ ಅಭ್ಯಾಸಕ್ಕೆ ಈಗ ಆಧಾರ ಇಲ್ಲ. ಸೆಟಲ್‌ಮೆಂಟ್ ಕಾಗದದಲ್ಲಿ ‘ಇನ್ನೇನೂ ಬಾಕಿ ಇಲ್ಲ, ಸ್ವಂತ ಇಚ್ಛೆಯಿಂದ ಬಿಟ್ಟಿದ್ದೇನೆ’ ಅಂತ ಇದ್ದರೆ ಸಹಿ ಹಾಕಬೇಡಿ. ಸಹಿ ಹಾಕಲೇಬೇಕಾದರೆ ‘ತಕರಾರು ಇದೆ’ ಅಂತ ಕೈಯಲ್ಲಿ ಬರೆದು ಹಾಕಿ, ಫೋಟೋ ತೆಗೆದುಕೊಳ್ಳಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ (ಕಾರ್ಮಿಕ ಇಲಾಖೆಯ ಕಚೇರಿ) ದೂರು ಕೊಡಬಹುದು. ಗುಮಾಸ್ತಿಕೆ ಕೆಲಸ ಮಾಡುವವರು ಸಂಬಳ ಎಷ್ಟಿದ್ದರೂ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಕಾರ್ಮಿಕರೇ. ‘ಅಸಿಸ್ಟೆಂಟ್’ ಬದಲು ‘ಎಕ್ಸಿಕ್ಯುಟಿವ್’ ಅಂತ ಹುದ್ದೆಯ ಹೆಸರಿದ್ದರೂ ನೋಡುವುದು ಮಾಡುವ ಕೆಲಸವನ್ನು. ರಾಜಿ ಮಾತುಕತೆ 45 ದಿನದಲ್ಲಿ ಮುಗಿಯದಿದ್ದರೆ ನೀವೇ ನೇರ ಟ್ರಿಬ್ಯೂನಲ್‌ಗೆ ಹೋಗಬಹುದು. ಮೊದಲು ದೂರು ಕೊಡಲು ಗಡುವು ಎರಡು ವರ್ಷ. ಅಷ್ಟು ದಿನ ಬಿಡಬೇಡಿ, ಸಾಕ್ಷಿ ಹೇಳುವ ಸಹೋದ್ಯೋಗಿಗಳು ಅಷ್ಟರಲ್ಲಿ ಬೇರೆ ಕಡೆ ಹೋಗಿರುತ್ತಾರೆ.

ವಕೀಲರ ಫೀಸಿಗೆ ಹೆದರಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ಕಾರ್ಖಾನೆ ಕಾರ್ಮಿಕರಿಗೂ ಸಿಗುತ್ತಾರೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ಈ ಉತ್ತರ ನಿಮ್ಮ ಕೈ ಸೇರುವ ಮೊದಲೇ ಒತ್ತಡಕ್ಕೆ ಮಣಿದು ರಾಜೀನಾಮೆ ಕಳಿಸಿಬಿಟ್ಟಿದ್ದರೆ ಇವತ್ತೇ ಇನ್ನೊಂದು ಇಮೇಲ್ ಹಾಕಿ. ‘ಕಾಯಿಲೆ ರಜೆಯಲ್ಲಿದ್ದಾಗ ಒತ್ತಾಯದ ಮೇಲೆ ಕೊಟ್ಟದ್ದು, ವಾಪಸ್ ಪಡೆಯುತ್ತಿದ್ದೇನೆ’ ಅಂತ ಬರೆಯಿರಿ. ರಾಜೀನಾಮೆ ಜಾರಿಗೆ ಬರುವ ದಿನಕ್ಕಿಂತ ಮುಂಚೆ ಅದನ್ನು ಸಾಮಾನ್ಯವಾಗಿ ಹಿಂದೆ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ನೋಟಿಸ್ ಅವಧಿ ಇನ್ನೂ ಓಡುತ್ತಿದ್ದರೆ ದಾರಿ ತೆರೆದೇ ಇದೆ. ಅವರು ಒಪ್ಪಿಕೊಂಡು ರಿಲೀವ್ ಮಾಡಿಬಿಟ್ಟಿದ್ದರೆ ಕಷ್ಟ ಜಾಸ್ತಿ, ಆದರೂ ಆ ಫೋನ್ ಕರೆಗಳ ವಿವರ ಮತ್ತು ಡಾಕ್ಟರ ಚೀಟಿಯ ತಾರೀಖು ಹಿಡಿದುಕೊಂಡು ಕಾರ್ಮಿಕ ಭವನಕ್ಕೆ ಹೋಗಿ.